ಬಾಸೆಮ್ ಯೂಸುಫ್: ಶೋ ಬಂದ್ ಆದಾಗ ಗಾದಿ ಮೇಲೆ ಯಾರಿದ್ದರು?

ಕಲಬುರಗಿಯಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ಈ ಸಲ ಸೆಮಿನಾರಿಗೆ ನನಗೆ ಸಿಕ್ಕಿದ್ದು ಈಜಿಪ್ಟಿನ ಟಿವಿ ವಿಡಂಬನಕಾರ ಬಾಸೆಮ್ ಯೂಸುಫ್. ಹಿಂದಿನ ದಿನ ಸಂಜೆ ಸುಸಲಾ-ಮಿರ್ಚಿ ತಿನ್ನುತ್ತಾ ಗೆಳೆಯನ ಮುಂದೆ ಒಂದು ರೌಂಡು ಹೇಳಿ ನೋಡಿದೆ. "ಅಧ್ಯಕ್ಷ ಮುರ್ಸಿಯನ್ನ ಗೇಲಿ ಮಾಡಿದ, ಮುರ್ಸಿ ಶೋ ಬಂದ್ ಮಾಡಿಸಿದ" ಅಂದೆ. ಅವನು ಫೋನಿನಲ್ಲಿ ತಾರೀಖು ತೆಗೆದು, "ಲೇ, ಶೋ ಬಂದ್ ಆದಾಗ ಮುರ್ಸೀನೇ ಒಳಗಿದ್ನಲ್ಲೋ!" ಅಂದ. ಮಿರ್ಚಿ ಕೈಯಲ್ಲೇ ಉಳಿಯಿತು. ಅದಕ್ಕೇ ಈ ಟಿಪ್ಪಣಿ.

ಮೊದಲ ಭಾಗ ಎಲ್ಲರಿಗೂ ನೆನಪಿರುತ್ತದೆ. ಹುಟ್ಟಿದ್ದು 1974ರಲ್ಲಿ. ಕೈರೊದಲ್ಲಿ ವೈದ್ಯಕೀಯ ಓದಿ ಹೃದಯದ ಸರ್ಜನ್ ಆದವರು. 2011ರಲ್ಲಿ ಅಧ್ಯಕ್ಷ ಮುಬಾರಕ್ ವಿರುದ್ಧ ಎದ್ದ ಕ್ರಾಂತಿಯಲ್ಲಿ ಕೈರೊದ ತಹ್ರೀರ್ ಚೌಕದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು. ಕಣ್ಣೆದುರು ಕಂಡದ್ದೇ ಒಂದು, ಸರ್ಕಾರಿ ಟಿವಿ ಹೇಳುತ್ತಿದ್ದುದೇ ಇನ್ನೊಂದು. ಆ ವರ್ಷ ಮೇ ತಿಂಗಳಲ್ಲಿ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲೇ ಕ್ಯಾಮೆರಾ ಇಟ್ಟು ಯೂಟ್ಯೂಬಿಗೆ ಸಣ್ಣ ಸಣ್ಣ ಕಂತು ಮಾಡಿದರು. ಹೆಸರು 'ಬಿ ಪ್ಲಸ್ ಶೋ'. ಅದು ಅವರ ರಕ್ತದ ಗುಂಪು. ಮೂರೇ ತಿಂಗಳಲ್ಲಿ 50 ಲಕ್ಷ ದಾಟಿ ವೀಕ್ಷಣೆ ಬಂತು. ಟಿವಿಯವರು ಹುಡುಕಿಕೊಂಡು ಬಂದರು.

ಟಿವಿ ಶೋ ಹೆಸರನ್ನ ಒಂದು ಕಡೆ 'ಅಲ್-ಬರ್ನಾಮಜ್' ಅಂತ, ಇನ್ನೊಂದು ಕಡೆ 'ಅಲ್-ಬರ್ನಾಮೆಗ್' ಅಂತ ಬರೆದಿದ್ದರು. ಎರಡು ಬೇರೆ ಶೋ ಅಂದ್ಕೊಂಡು ನಾನು ಎರಡು ಪುಟ ಬರೆದಿದ್ದೆ! ದರ್ಗಾ ಕಡೆ ಮನೆ ಇರುವ ಸಹಪಾಠಿ ನೋಡಿ ನಕ್ಕಳು. ಕೈರೊದವರು 'ಜ'ವನ್ನ 'ಗ' ಅನ್ನುತ್ತಾರಂತೆ. ನಮ್ಮ ಓಣಿಯ ಜಮಾಲ್ ಅಲ್ಲಿ ಗಮಾಲ್. ಎರಡೂ ಒಂದೇ ಪದ, ಅರ್ಥ ಸುಮ್ನೆ 'ಕಾರ್ಯಕ್ರಮ'. ಅಮೆರಿಕದ ಜಾನ್ ಸ್ಟೂವರ್ಟ್ ಅವರ 'ದಿ ಡೈಲಿ ಶೋ' ನೋಡಿ ಕಲಿತ ಮಾದರಿ ಇದು. ನಿನ್ನೆ ಒಂದು, ಇವತ್ತು ಒಂದು ಮಾತಾಡಿದ ನಾಯಕರು, ಆಂಕರ್‌ಗಳ ತುಣುಕು ಹುಡುಕುವುದು, ಬೆನ್ನು ಬೆನ್ನಿಗೆ ಹಾಕುವುದು, ಆಮೇಲೆ ಕ್ಯಾಮೆರಾ ಕಡೆ ಸುಮ್ಮನೆ ನೋಡುವುದು. ಅರ್ಧ ನಗು ಆ ನೋಟಕ್ಕೇ ಬರುತ್ತದೆ.

ಈಗ ನಾನು ಎಡವಿದ ಜಾಗ. ಶೋ ಮೂರು ಚಾನೆಲ್ ಬದಲಿಸಿತು: ಆನ್‌ಟಿವಿ, ಸಿಬಿಸಿ, ಎಂಬಿಸಿ ಮಸ್ರ್. ಆಳುವವರೂ ಬದಲಾದರು: ಸೇನಾ ಮಂಡಳಿ, ಮುರ್ಸಿ, ಮತ್ತೆ ಸೇನೆಯ ಬೆಂಬಲದ ಸರ್ಕಾರ. ಮೂರಕ್ಕೆ ಮೂರು ಕಂಡ ಕೂಡಲೇ ನಾನು ಜೋಡಿ ಹಾಕಿಬಿಟ್ಟೆ. ತಪ್ಪಾಗಿದ್ದು ಅಲ್ಲೇ.

ಝೆರಾಕ್ಸ್ ಹಾಳೆಯ ಹಿಂದೆ ಎರಡು ಗೆರೆ ಎಳೆಯಿರಿ. ಮೇಲಿನ ಗೆರೆಗೆ ಗಾದಿ, ಕೆಳಗಿನದಕ್ಕೆ ಚಾನೆಲ್. ಮೇಲಿನದನ್ನ 2012ರ ಜೂನ್ 30ಕ್ಕೆ (ಮುರ್ಸಿ ಬಂದರು) ಮತ್ತು 2013ರ ಜುಲೈ 3ಕ್ಕೆ (ಸೇನೆ ಅವರನ್ನ ಇಳಿಸಿತು) ಕತ್ತರಿಸಿ. ಕೆಳಗೆ ಸಿಬಿಸಿಯ ತುಂಡು 2012ರ ನವೆಂಬರ್‌ನಿಂದ 2013ರ ನವೆಂಬರ್ 1ರವರೆಗೆ. ಮುರ್ಸಿಯ ತುಂಡು ಮುಗಿದ ಮೇಲೂ ಸಿಬಿಸಿಯದು ನಾಲ್ಕು ತಿಂಗಳು ಮುಂದಕ್ಕೆ ಚಾಚಿಕೊಂಡಿದೆ, ಕಂಡಿತಾ? ಆ ಉಳಿದ ಚೂರಿನಲ್ಲೇ ಉತ್ತರ ಇದೆ.

ಮುರ್ಸಿ ಕಾಲದಲ್ಲಿ ಆಗಿದ್ದು ಕೇಸು. ಅಧ್ಯಕ್ಷರಿಗೂ ಇಸ್ಲಾಮಿಗೂ ಅವಮಾನ ಮಾಡಿದರು ಅನ್ನುವ ಆರೋಪ. 2013ರ ಮಾರ್ಚ್ 31ರಂದು ವಿಚಾರಣೆಗೆ ಕರೆದರು, 15,000 ಈಜಿಪ್ಟ್ ಪೌಂಡ್ ಜಾಮೀನಿನ ಮೇಲೆ ಬಿಟ್ಟರು. ಪಾಕಿಸ್ತಾನದಲ್ಲಿ ಗೌರವ ಡಾಕ್ಟರೇಟ್ ತಗೊಳ್ಳುವಾಗ ಮುರ್ಸಿ ಹಾಕಿದ್ದ ಟೋಪಿಯನ್ನೇ ಭಾರಿ ದೊಡ್ಡದಾಗಿ ಮಾಡಿಸಿ, ತಲೆ ಮೇಲಿಟ್ಟುಕೊಂಡು ವಿಚಾರಣೆಗೆ ಹೋದರು ಪುಣ್ಯಾತ್ಮ. ಶೋ ಮಾತ್ರ ನಡೆಯುತ್ತಲೇ ಇತ್ತು.

ಮುರ್ಸಿ ಹೋದ ಮೇಲೆ, ಅವರನ್ನ ಇಳಿಸಿದ ಸೇನಾ ಮುಖ್ಯಸ್ಥ ಜನರಲ್ ಸೀಸಿಯ ಮೇಲೆ ಜನಕ್ಕೆ ವಿಪರೀತ ಪ್ರೀತಿ. ಅವರ ಮುಖದ ಅಚ್ಚಿರುವ ಚಾಕೊಲೇಟ್ ಕೂಡ ಮಾರಾಟಕ್ಕೆ ಬಂದಿತ್ತು. ಯೂಸುಫ್ ಅಕ್ಟೋಬರ್ 25ರ ಕಂತಿನಲ್ಲಿ ಈ ಹುಚ್ಚನ್ನೇ ಹಾಸ್ಯ ಮಾಡಿದರು. ಮುಂದಿನ ವಾರದ ಕಂತನ್ನ ಪ್ರಸಾರಕ್ಕೆ ಸ್ವಲ್ಪ ಮುಂಚೆ ಸಿಬಿಸಿ ತಡೆಯಿತು. ನನಗನ್ನಿಸಿದ್ದು, ಮುರ್ಸಿಯನ್ನ ಗೇಲಿ ಮಾಡುವಾಗ ಚಾನೆಲ್ಲೂ ನೋಡುಗರಲ್ಲಿ ಬಹಳ ಮಂದಿಯೂ ಅವರ ಬೆನ್ನಿಗಿದ್ದರು. ಈ ಸಲ ಅದೇ ಮಂದಿಗೆ ಸಿಟ್ಟು ಬಂತು.

2014ರ ಫೆಬ್ರವರಿಯಲ್ಲಿ ಎಂಬಿಸಿ ಮಸ್ರ್‌ನಲ್ಲಿ ಶೋ ಮತ್ತೆ ಶುರುವಾಯಿತು. ಅಧ್ಯಕ್ಷ ಚುನಾವಣೆ ಹೊತ್ತಿಗೆ ಚಾನೆಲ್ ಅದನ್ನ ನಿಲ್ಲಿಸಿತು. ಜೂನ್ 2ರಂದು ಯೂಸುಫ್ ಅವರೇ ಪತ್ರಕರ್ತರನ್ನ ಕರೆದು, ಇನ್ನು ಶೋ ಇಲ್ಲ ಅಂದರು. ಆ ವರ್ಷದ ಕೊನೆ ಹೊತ್ತಿಗೆ ದೇಶ ಬಿಟ್ಟರು. ಆಮೇಲೆ ಅಮೆರಿಕ, ಇಂಗ್ಲಿಷ್ ಸ್ಟ್ಯಾಂಡಪ್. 2023ರ ಅಕ್ಟೋಬರ್‌ನಲ್ಲಿ ಗಾಜಾ ಬಗ್ಗೆ ಬ್ರಿಟಿಷ್ ಟಿವಿ ಆಂಕರ್ ಪಿಯರ್ಸ್ ಮಾರ್ಗನ್ ಜೊತೆ ಮಾತಾಡಿದ ಸಂದರ್ಶನವನ್ನ ಕೋಟಿಗಟ್ಟಲೆ ಜನ ನೋಡಿದರು. ಇಲ್ಲಿ ಗೊಂದಲ ಏನಿಲ್ಲ.

ಆದ್ರೆ ನನ್ನ ಹಾಗೆ ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು ಮಾಡಬೇಡಿ. ಸೆಮಿನಾರಿನಲ್ಲಿ ನಾನು ಜೋರಾಗಿ "ಅಧ್ಯಕ್ಷ ಸೀಸಿ ಕಾಲದಲ್ಲಿ ಶೋ ನಿಂತಿತು" ಅಂದೆ. ಹಿಂದಿನ ಬೆಂಚಿನಿಂದ ಅದೇ ಗೆಳೆಯ ಕೈ ಎತ್ತಿದ. ಸೀಸಿ ಚುನಾವಣೆ ಗೆದ್ದಿದ್ದೇನೋ ಹೌದು, ಪ್ರಮಾಣವಚನ ತಗೊಂಡಿದ್ದು ಮಾತ್ರ ಜೂನ್ 8ಕ್ಕೆ. ಶೋ ಇಲ್ಲ ಅಂದ ಜೂನ್ 2ರಂದು ಗಾದಿ ಮೇಲೆ ಇದ್ದವರು ಹಂಗಾಮಿ ಅಧ್ಯಕ್ಷ ಅದ್ಲಿ ಮನ್ಸೂರ್.