ಸಿಬಿ ರೇಡಿಯೊ: ಮೊದಲು ಆಂಟೆನಾ, ಆಮೇಲೆ ಪೆಟ್ಟಿಗೆ

ಅಮೆರಿಕದ ಹೆದ್ದಾರಿಯೊಂದರ ಬದಿಯ ಕಾರ್ಯಾಗಾರದಲ್ಲಿ ಲಾರಿಗಳಿಗೆ ಸಿಟಿಜನ್ಸ್ ಬ್ಯಾಂಡ್ ರೇಡಿಯೊ ಜೋಡಿಸುವುದು ನನ್ನ ಕೆಲಸ. ಚಾಲಕರು ದಾರಿಯಲ್ಲಿ ಪರಸ್ಪರ ಮಾತನಾಡಲು ಬಳಸುವ, ‘ಸಿಬಿ’ ಎಂದೇ ಕರೆಯುವ ಈ ರೇಡಿಯೊದ ಬಗ್ಗೆ ನನ್ನ ಬಳಿ ಬರುವ ದೂರು ಬಹುತೇಕ ಒಂದೇ ಬಗೆಯದು: ಎಲ್ಲರ ಮಾತೂ ತಮಗೆ ಕೇಳಿಸುತ್ತದೆ, ತಮ್ಮ ಮಾತು ಮಾತ್ರ ಯಾರಿಗೂ ತಲುಪುವುದಿಲ್ಲ. ಪೆಟ್ಟಿಗೆಯ ಶಕ್ತಿ ಸಾಲದು ಎಂದು ತೀರ್ಮಾನಿಸಿ ಆಂಪ್ಲಿಫೈಯರ್ ಕೇಳಿಕೊಂಡು ಬರುವವರೂ ಉಂಟು. ಸಿಬಿಗೆ ಆಂಪ್ಲಿಫೈಯರ್ ಸೇರಿಸುವುದು ಇಲ್ಲಿ ಕಾನೂನುಬಾಹಿರ. ಎಎಂ ಮತ್ತು ಎಫ್‌ಎಂನಲ್ಲಿ 4 ವ್ಯಾಟ್, ಸಿಂಗಲ್ ಸೈಡ್‌ಬ್ಯಾಂಡ್‌ನಲ್ಲಿ (ಎಎಂ ಅಲೆಯ ಒಂದು ಬದಿಯನ್ನಷ್ಟೇ ಕಳಿಸುವ ವಿಧಾನ) ಗರಿಷ್ಠ 12 ವ್ಯಾಟ್ ಎಂಬುದು ಮಿತಿ. ಕಾನೂನಿನ ಮಾತು ಹಾಗಿರಲಿ, ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದರೂ ಕೇಳುವವರ ರೇಡಿಯೊದ ಸಿಗ್ನಲ್ ಮೀಟರಿನಲ್ಲಿ ಮುಳ್ಳು ಏರುವುದು ಒಂದೇ ಅಂಕ. ದೋಷ ಹೆಚ್ಚಾಗಿ ಇರುವುದು ಆಂಟೆನಾದಲ್ಲಿ, ಅದನ್ನು ಕೂರಿಸಿದ ಜಾಗದಲ್ಲಿ.

ಸಿಬಿಯ 40 ಚಾನೆಲ್‌ಗಳು 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ ಹರಡಿಕೊಂಡಿವೆ. ಈ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗವೆಂದರೆ 2.7 ಮೀಟರಿನಷ್ಟು ಉದ್ದದ ಕಡ್ಡಿ. ಅಷ್ಟು ಉದ್ದದ್ದನ್ನು ವಾಹನದ ಮೇಲೆ ನಿಲ್ಲಿಸುವುದು ಕಷ್ಟವಾದ್ದರಿಂದ ತಂತಿಯ ಸುರುಳಿ ಸೇರಿಸಿದ ಗಿಡ್ಡ ಆಂಟೆನಾಗಳು ಬಳಕೆಗೆ ಬಂದಿವೆ. ಗಿಡ್ಡವಾದಷ್ಟೂ ದಕ್ಷತೆ ಕುಗ್ಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಕಡ್ಡಿ ಆಂಟೆನಾದ ಅರ್ಧವಷ್ಟೇ, ಉಳಿದರ್ಧ ವಾಹನದ ಲೋಹದ ಮೈ. ಆದ್ದರಿಂದ ಕಾರಿನಲ್ಲಾದರೆ ಚಾವಣಿಯ ನಡುಮಧ್ಯವೇ ಅತ್ಯುತ್ತಮ ಸ್ಥಾನ; ಹಿಂದಿನ ಬಂಪರಿನ ಮೂಲೆಯಲ್ಲಿ ಕೂರಿಸಿದರೆ ಒಂದು ದಿಕ್ಕಿಗೆ ಚೆನ್ನಾಗಿಯೂ ಉಳಿದ ದಿಕ್ಕುಗಳಿಗೆ ಮಂದವಾಗಿಯೂ ಪ್ರಸಾರವಾಗುತ್ತದೆ.

ಒಮ್ಮೆ ಒಬ್ಬ ಚಾಲಕರು ಬೇರೆಡೆ ಜೋಡಿಸಿಕೊಂಡಿದ್ದ ಹೊಸ ರೇಡಿಯೊದೊಂದಿಗೆ ಬಂದರು. ಒಂದು ಕಿಲೋಮೀಟರ್ ಮುಂದಿದ್ದ ಗೆಳೆಯರಿಗೂ ಅವರ ಮಾತು ತಲುಪುತ್ತಿರಲಿಲ್ಲ. ಆಂಟೆನಾ ಬಾಗಿಲಿನ ಕನ್ನಡಿಯ ಕೊಳವೆಗೆ ಬಿಗಿಯಾಗಿ ಕೂತಿತ್ತು, ನೋಡುವುದಕ್ಕೆ ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಮಲ್ಟಿಮೀಟರ್ ಹಿಡಿದಾಗ ಆಂಟೆನಾ ಕೂತಿದ್ದ ಬ್ರಾಕೆಟ್ಟಿಗೂ ಲಾರಿಯ ಲೋಹದ ಚೌಕಟ್ಟಾದ ಷಾಸಿಗೂ ವಿದ್ಯುತ್ ಸಂಪರ್ಕವೇ ಇರಲಿಲ್ಲ. ಕೊಳವೆಯ ಮೇಲಿನ ಬಣ್ಣ ಮತ್ತು ಬಾಗಿಲಿನ ಕೀಲುಗಳ ಗ್ರೀಸು ಅರ್ಥಿಂಗನ್ನು ತಡೆದಿದ್ದವು. ಬಣ್ಣ ಕೆರೆದು, ಬಾಗಿಲಿನಿಂದ ಕ್ಯಾಬಿನ್ನಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಜೋಡಿಸಿದ ಮೇಲೆ, ಅದೇ ಪೆಟ್ಟಿಗೆಯಿಂದ ಅವರು ಬಯಲು ಹೆದ್ದಾರಿಯಲ್ಲಿ ಆರೇಳು ಕಿಲೋಮೀಟರ್ ದೂರ ಮಾತನಾಡಿದರು. ನಾಲ್ಕು ವ್ಯಾಟ್‌ಗೆ ಅದು ನ್ಯಾಯವಾದ ದೂರ. ಈಗ ನಾನು ಯಾವ ಜೋಡಣೆಯನ್ನೂ ಅರ್ಥಿಂಗ್ ಅಳೆಯದೆ ಮುಗಿಸುವುದಿಲ್ಲ.

ಇದಾದ ಮೇಲೆ ಎಸ್‌ಡಬ್ಲ್ಯುಆರ್ ಅಳೆಯಬೇಕು. ಆಂಟೆನಾದತ್ತ ಹೊರಟ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತಿದೆ ಎಂಬುದರ ಅಳತೆ ಇದು. 1.5ರ ಒಳಗಿದ್ದರೆ ಒಳ್ಳೆಯದು, 2ರವರೆಗೆ ನಡೆಯುತ್ತದೆ, 3 ದಾಟಿದರೆ ಮೈಕಿನ ಗುಂಡಿ ಒತ್ತುವುದನ್ನೇ ನಿಲ್ಲಿಸಬೇಕು. ಹಿಂದಿರುಗಿದ ಶಕ್ತಿಯಿಂದ ರೇಡಿಯೊದ ಕೊನೆಯ ಹಂತದ ಟ್ರಾನ್ಸಿಸ್ಟರ್ ಸುಡಬಹುದು. ಆಂಟೆನಾ ಜೋಡಿಸದೆ ಗುಂಡಿ ಒತ್ತಬಾರದೆನ್ನುವುದೂ ಇದೇ ಕಾರಣಕ್ಕೆ. ಕಟ್ಟಡಗಳಿಂದ ದೂರ ಬಯಲಿನಲ್ಲಿ ವಾಹನ ನಿಲ್ಲಿಸಿ, ಬಾಗಿಲುಗಳನ್ನು ಮುಚ್ಚಿ, ಆಂಟೆನಾದ ಪಕ್ಕ ಯಾರೂ ನಿಲ್ಲದಂತೆ ನೋಡಿಕೊಂಡು 1, 20 ಮತ್ತು 40ನೇ ಚಾನೆಲ್‌ಗಳಲ್ಲಿ ಅಳೆಯಬೇಕು. 1ನೇ ಚಾನೆಲಿನಲ್ಲಿ ಅಂಕ ಹೆಚ್ಚಿದ್ದರೆ ಆಂಟೆನಾ ಗಿಡ್ಡವಾಗಿದೆ, ತುದಿಯನ್ನು ಸ್ವಲ್ಪ ಹೊರಗೆಳೆಯಬೇಕು. 40ರಲ್ಲಿ ಹೆಚ್ಚಿದ್ದರೆ ಉದ್ದವಾಗಿದೆ, ಒಳಕ್ಕೆ ತಳ್ಳಬೇಕು. ಮೂರೂ ಕಡೆ ಒಂದೇ ಸಮನೆ ಹೆಚ್ಚಿದ್ದರೆ ಉದ್ದವನ್ನು ಮುಟ್ಟದೆ ಅರ್ಥಿಂಗ್ ಮತ್ತು ಕೇಬಲ್ಲಿನತ್ತ ತಿರುಗಬೇಕು. ಕೇಬಲ್ ಬಾಗಿಲಿನ ಸಂದಿಯಲ್ಲಿ ಸಿಕ್ಕಿ ಜಜ್ಜಿಹೋಗಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ.

ವಿದ್ಯುತ್ತನ್ನು ನೇರವಾಗಿ ಬ್ಯಾಟರಿಯಿಂದ ತರುವುದು ಲೇಸು. ಸಿಗರೇಟ್ ಲೈಟರಿನ ಸಾಕೆಟ್ಟಿನಿಂದ ತಂದರೆ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಆಲ್ಟರ್ನೇಟರಿನ ಸಿಳ್ಳೆ ಮಾತಿನೊಳಗೆ ಬೆರೆಯುತ್ತದೆ. ಪಾಸಿಟಿವ್ ತಂತಿಯ ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಲೇಬೇಕು. ತಂತಿ ಎಲ್ಲಿಯಾದರೂ ಸವೆದು ಲೋಹಕ್ಕೆ ತಾಗಿದಾಗ ಬೆಂಕಿಯನ್ನು ತಡೆಯುವುದು ಅದೊಂದೇ.

ಬಳಕೆ ಕಷ್ಟವೇನಲ್ಲ. ಸ್ಕ್ವೆಲ್ಚ್ ತಿರುಪನ್ನು ಗರಗರ ಶಬ್ದ ಆಗತಾನೆ ನಿಲ್ಲುವವರೆಗೆ ಮಾತ್ರ ತಿರುಗಿಸಬೇಕು. ಹೆಚ್ಚು ತಿರುಗಿಸಿದರೆ ದೂರದ ಕ್ಷೀಣ ದನಿಗಳೂ ಮುಚ್ಚಿಹೋಗುತ್ತವೆ. ಗುಂಡಿ ಒತ್ತಿ ಒಂದು ಕ್ಷಣ ತಡೆದು, ಮೈಕನ್ನು ಬಾಯಿಯಿಂದ ನಾಲ್ಕು ಬೆರಳು ದೂರ ಹಿಡಿದು, ಎಂದಿನ ದನಿಯಲ್ಲಿಯೇ ಮಾತನಾಡಬೇಕು. 9ನೇ ಚಾನೆಲ್ ತುರ್ತು ಸಂದರ್ಭಕ್ಕೂ ಪ್ರಯಾಣಿಕರ ನೆರವಿಗೂ ಮೀಸಲು. ಲಾರಿ ಚಾಲಕರು ಸೇರುವುದು 19ರಲ್ಲಿ. 1973ರ ತೈಲ ಬಿಕ್ಕಟ್ಟಿನ ಕಾಲದಲ್ಲಿ ಡೀಸೆಲ್ ಎಲ್ಲಿ ಸಿಗುತ್ತದೆಂದು ಅವರು ಪರಸ್ಪರ ತಿಳಿಸಿಕೊಂಡದ್ದು ಈ ರೇಡಿಯೊಗಳ ಮೂಲಕವೇ. ಅಪಘಾತದ ಸುದ್ದಿ ಹೇಳುವಾಗ ಮೈಲಿಕಲ್ಲಿನ ಸಂಖ್ಯೆ, ಸಾಗುತ್ತಿರುವ ದಿಕ್ಕು, ಯಾವ ಲೇನ್ ಮುಚ್ಚಿದೆ ಎಂಬ ಮೂರು ವಿವರ ಕೊಟ್ಟರೆ, ಮಂಜಿನಲ್ಲಿ ಹಿಂದೆ ಬರುತ್ತಿರುವವರು ಸಮಯಕ್ಕೆ ಬ್ರೇಕ್ ಹಾಕಬಲ್ಲರು.

ಇಲ್ಲಿಂದ ಊರಿಗೆ ಮರಳುವ ಕನ್ನಡಿಗರು ಈ ಪೆಟ್ಟಿಗೆಯನ್ನು ಒಯ್ಯಬಹುದೇ ಎಂದು ಕೇಳುತ್ತಾರೆ. ಇಲ್ಲಿನ ರೇಡಿಯೊವನ್ನು ಹಾಗೆಯೇ ಒಯ್ದು ಬಳಸಬೇಡಿ ಎನ್ನುತ್ತೇನೆ. ಭಾರತದಲ್ಲಿ ಪರವಾನಗಿಯಿಲ್ಲದ ಬಳಕೆಗೆ ಬಿಟ್ಟಿರುವುದು 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿ, 5 ವ್ಯಾಟ್ ಮಿತಿಯೊಳಗೆ. ಅಮೆರಿಕದ 28ನೇ ಚಾನೆಲ್ 27.285ರಲ್ಲಿರುವುದರಿಂದ ಅಲ್ಲಿಂದ ಮುಂದಿನ ಚಾನೆಲ್‌ಗಳೆಲ್ಲ ಆ ಪಟ್ಟಿಯ ಆಚೆಗೆ ಬೀಳುತ್ತವೆ. ಅದೂ ಅಲ್ಲದೆ ನಮ್ಮ ಕಡೆಯ ದೊಡ್ಡ ಲಾರಿ, ಬಸ್ಸುಗಳು 24 ವೋಲ್ಟಿನವು. 12 ವೋಲ್ಟಿಗೆಂದು ಮಾಡಿದ ಪೆಟ್ಟಿಗೆಯನ್ನು ಅವುಗಳ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ.