ಅಜ್ಜಿಯ ಸವರನ್ ಅಸಲಿಯೇ? ನೀರನ್ನೇ ಕೇಳಿ

ಹಳೆಯ ಚಿನ್ನದ ನಾಣ್ಯ ಕೈಗೆ ಬಂದರೆ ದಯವಿಟ್ಟು ಅದನ್ನು ಕಚ್ಚಿ ನೋಡಬೇಡಿ. ಸೀಸ ಚಿನ್ನಕ್ಕಿಂತ ಮೆದು. ಗಿಲೀಟು ಹಾಕಿದ ಸೀಸದ ಬಿಲ್ಲೆ ಹಲ್ಲಿನ ಪರೀಕ್ಷೆಯಲ್ಲಿ ಅಸಲಿ ನಾಣ್ಯಕ್ಕಿಂತ ಸಲೀಸಾಗಿ ಪಾಸಾಗುತ್ತದೆ. ಅಯಸ್ಕಾಂತದ್ದೂ ಅದೇ ಕಥೆ. ಅದು ಚಿನ್ನವನ್ನು ಎಳೆಯುವುದಿಲ್ಲ, ನಿಜ. ಆದರೆ ತಾಮ್ರ, ಹಿತ್ತಾಳೆ, ಬೆಳ್ಳಿ, ಸೀಸ ಯಾವುದನ್ನೂ ಎಳೆಯುವುದಿಲ್ಲವಲ್ಲ! ನಾಣ್ಯ ಅಯಸ್ಕಾಂತಕ್ಕೆ ಅಂಟಿಕೊಂಡರೆ ನಕಲಿ ಅಂತ ಗೊತ್ತಾಗುತ್ತದೆ. ಅಂಟದಿದ್ದರೆ ಏನೂ ಗೊತ್ತಾಗುವುದಿಲ್ಲ.

ಇವು ಸಣ್ಣ ತಪ್ಪುಗಳು. ನನಗೆ ನಿಜವಾಗಿ ಆತಂಕ ಹುಟ್ಟಿಸುವುದು 'ಅಕ್ಕಿ ಎಳೆಯುವ ನಾಣ್ಯ'ದ ಮಾತು. ರೈಸ್ ಪುಲ್ಲಿಂಗ್ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ಓದಿದವರೂ ಲಕ್ಷಗಟ್ಟಲೆ ಹಣ ಕಳೆದುಕೊಂಡಿದ್ದಾರೆ. ಕಂಪನಿ ಕಾಲದ ನಾಣ್ಯಕ್ಕೆ ದೈವಶಕ್ತಿ ಇದೆ, ಅದರಲ್ಲಿ ಇರಿಡಿಯಂ ಎಂಬ ಅಪರೂಪದ ಲೋಹ ಇದೆ, ಹತ್ತಿರ ಇಟ್ಟ ಅಕ್ಕಿ ತಾನಾಗಿ ಸರಿಯುತ್ತದೆ ಅನ್ನುತ್ತಾರೆ. ಚಿನ್ನವಾಗಲಿ ಇರಿಡಿಯಮ್ಮಾಗಲಿ ಅಕ್ಕಿಯನ್ನು ಎಳೆಯುವುದಿಲ್ಲ. ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ನಾಣ್ಯದ ಜೊತೆ ಅಯಸ್ಕಾಂತ ಅಡಗಿಸಿಟ್ಟರೆ ಮಾತ್ರ ಈ ಆಟ ನಡೆಯುತ್ತದೆ.

ಹಾಗಾದರೆ ನಂಬುವುದು ಯಾರನ್ನು? ನೀರನ್ನು.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಹಿರಿಯರ ಪೆಟ್ಟಿಗೆ ತೆರೆದಾಗ ಹೆಚ್ಚಾಗಿ ಸಿಗುವುದು ಬ್ರಿಟಿಷರ ಸವರನ್. ನಾವು ಇವತ್ತಿಗೂ ಎಂಟು ಗ್ರಾಮ್ ಚಿನ್ನಕ್ಕೆ ಒಂದು ಸವರನ್ ಅನ್ನುವುದು ಇದರಿಂದಲೇ ಬಂದದ್ದು. 22 ಕ್ಯಾರೆಟ್ ಚಿನ್ನ, ಉಳಿದದ್ದು ತಾಮ್ರ. ತೂಕ 7.98 ಗ್ರಾಮ್, ಅಗಲ 22 ಮಿಲಿಮೀಟರ್. ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಒಂದು ಘನ ಸೆಂಟಿಮೀಟರ್ ಚೊಕ್ಕ ಚಿನ್ನ 19.3 ಗ್ರಾಮ್ ತೂಗುತ್ತದೆ. ಅಷ್ಟೇ ಜಾಗ ಹಿಡಿಯುವ ಸೀಸ 11.3, ಬೆಳ್ಳಿ 10.5, ತಾಮ್ರ 9, ಹಿತ್ತಾಳೆ ಸುಮಾರು 8.5 ಗ್ರಾಮ್. ತಾಮ್ರ ಬೆರೆತ 22 ಕ್ಯಾರೆಟ್ ಚಿನ್ನ 17.7ರ ಆಸುಪಾಸಿನಲ್ಲಿ ಬರುತ್ತದೆ. ಇದೇ ಸಾಂದ್ರತೆ. ನಕಲು ಮಾಡುವವನಿಗೆ ದೊಡ್ಡ ತಲೆನೋವು ಇಲ್ಲೇ. ಹಿತ್ತಾಳೆಯಲ್ಲಿ ಸವರನ್ನಿನ ಅಳತೆಗೆ ಸರಿಯಾಗಿ ಬಿಲ್ಲೆ ಮಾಡಿದರೆ ಅದು ನಾಲ್ಕು ಗ್ರಾಮ್ ಕೂಡ ತೂಗುವುದಿಲ್ಲ. ತೂಕ ಸರಿಮಾಡಲು ಹೋದರೆ ಬಿಲ್ಲೆ ದಪ್ಪವಾಗುತ್ತದೆ. ತೂಕ, ಗಾತ್ರ ಎರಡನ್ನೂ ಒಟ್ಟಿಗೆ ಹೊಂದಿಸಲು ಇಂಥ ಅಗ್ಗದ ಲೋಹಗಳಿಂದ ಆಗುವುದಿಲ್ಲ.

'ಸರಿ, ಸ್ಕೇಲಿನಲ್ಲಿ ಅಳೆದು ಗಾತ್ರ ಲೆಕ್ಕ ಹಾಕಿದರಾಯಿತು' ಅಂತ ನಿಮಗೆ ಅನ್ನಿಸಬಹುದು. ಹಾಗೆ ಮಾಡಿದರೆ ಅಸಲಿ ನಾಣ್ಯವೇ ನಕಲಿ ಅನ್ನಿಸಿಕೊಳ್ಳುತ್ತದೆ! ಸವರನ್ನಿನ ದಪ್ಪ 1.52 ಮಿಲಿಮೀಟರ್. ಶಾಲೆಯಲ್ಲಿ ಕಲಿತ ಸೂತ್ರ ಹಾಕಿದರೆ 0.58 ಘನ ಸೆಂಟಿಮೀಟರ್ ಬರುತ್ತದೆ. ಆ ಲೆಕ್ಕದಲ್ಲಿ ಸಾಂದ್ರತೆ 14ಕ್ಕೂ ಕಡಿಮೆ. ತಪ್ಪು ಎಲ್ಲಿ? ಆ ದಪ್ಪ ಇರುವುದು ಅಂಚಿನಲ್ಲಿ ಮಾತ್ರ. ಒಳಗಿನ ಬಯಲು ತಗ್ಗಾಗಿದೆ. ಅದರ ಮೇಲೆ ರಾಣಿಯ ಮುಖ, ಕುದುರೆ, ಅಕ್ಷರ ಎಲ್ಲ ಉಬ್ಬಿ ನಿಂತಿವೆ. ಈ ಏರುತಗ್ಗನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಲು ಸ್ಕೇಲಿಗೆ ಸಾಧ್ಯವಿಲ್ಲ. ನೀರು ಮಾತ್ರ ಪ್ರತಿ ಸಂದಿಗೂ ನುಗ್ಗುತ್ತದೆ.

ರಾಜ ಹೀರೋನ ಕಿರೀಟ ಮತ್ತು ಆರ್ಕಿಮಿಡೀಸನ 'ಯುರೇಕಾ' ಕಥೆ ಎಲ್ಲರಿಗೂ ಗೊತ್ತು. ಅದನ್ನು ಬರೆದಿಟ್ಟ ರೋಮಿನ ವಿಟ್ರೂವಿಯಸ್ ಬದುಕಿದ್ದು ಆರ್ಕಿಮಿಡೀಸನಿಗಿಂತ ಸುಮಾರು ಇನ್ನೂರು ವರ್ಷ ಆಮೇಲೆ. ಕಿರೀಟದ ಚಿನ್ನಕ್ಕೆ ಬೆಳ್ಳಿ ಬೆರೆತಿದೆಯೇ ಎಂದು ತಿಳಿಯಲು ಆರ್ಕಿಮಿಡೀಸ್ ತುಂಬಿ ಹೊರಚೆಲ್ಲಿದ ನೀರನ್ನು ಅಳೆದ ಅನ್ನುತ್ತಾನೆ ವಿಟ್ರೂವಿಯಸ್. 1586ರಲ್ಲಿ ಇಪ್ಪತ್ತೆರಡರ ಹುಡುಗ ಗೆಲಿಲಿಯೋಗೆ ಇದು ಒಪ್ಪಿಗೆಯಾಗಲಿಲ್ಲ. ಅಷ್ಟು ಒರಟು ವಿಧಾನ ಅಂಥ ಜಾಣನದ್ದಾಗಿರಲು ಸಾಧ್ಯವಿಲ್ಲ, ಅವನು ನೀರಿನೊಳಗೇ ತೂಗಿರಬೇಕು ಎಂದು ವಾದಿಸಿ, ಅದಕ್ಕೊಂದು ಪುಟ್ಟ ತಕ್ಕಡಿಯನ್ನೂ ವಿವರಿಸಿದ. ಅವನಿಗಿಂತ ನಾಲ್ಕೂವರೆ ಶತಮಾನ ಮೊದಲು, 1121ರಲ್ಲಿ, ಮಧ್ಯ ಏಷ್ಯಾದ ಮರ್ವ್ ನಗರದ ವಿಜ್ಞಾನಿ ಅಲ್ ಖಾಜಿನಿ ಇಂಥದ್ದೇ ನೀರಿನ ತಕ್ಕಡಿಯ ಬಗ್ಗೆ ವಿಸ್ತಾರವಾಗಿ ಬರೆದಿದ್ದ. ಚಿನ್ನದಲ್ಲಿ ಬೆಳ್ಳಿ ಬೆರೆಸುವ ಮೋಸ ಎಲ್ಲ ಊರಿನಲ್ಲೂ ಇತ್ತು. ಅದನ್ನು ಹಿಡಿಯುವ ವಿದ್ಯೆಯೂ ಎಲ್ಲ ಕಡೆ ಬೆಳೆಯಿತು.

ಈಗ ನಿಮ್ಮ ಅಡುಗೆಮನೆಗೆ ಬನ್ನಿ. 0.01 ಗ್ರಾಮ್ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಹಿಟ್ಟು ತೂಗುವ ತಕ್ಕಡಿ ಆಗದು. ಮೊದಲು ಒಣ ನಾಣ್ಯ ತೂಗಿ ಬರೆದುಕೊಳ್ಳಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳ್ಳನೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಅದು ತಳಕ್ಕೂ ಬದಿಗೂ ತಾಗಬಾರದು.

ನಾಣ್ಯದ ಭಾರ ನಿಮ್ಮ ಕೈಯಲ್ಲಿದೆ. ಆದರೂ ತಕ್ಕಡಿಯಲ್ಲಿ ಒಂದು ಅಂಕಿ ಮೂಡುತ್ತದೆ! ನೀರು ನಾಣ್ಯವನ್ನು ಮೇಲಕ್ಕೆ ಒತ್ತುತ್ತಿದೆ, ನಾಣ್ಯ ಅಷ್ಟೇ ಬಲದಿಂದ ನೀರನ್ನು ಕೆಳಕ್ಕೆ ಒತ್ತುತ್ತಿದೆ. ಆ ಒತ್ತು ಎಷ್ಟು? ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು, ಸರಿಯಾಗಿ ಅಷ್ಟೇ. ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಮ್ ತೂಗುವುದರಿಂದ, ತಕ್ಕಡಿ ತೋರಿಸುವ ಗ್ರಾಮೇ ನಾಣ್ಯದ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ. ಅಸಲಿ ಸವರನ್ ಆದರೆ ತಕ್ಕಡಿಯಲ್ಲಿ 0.45 ಬರಬೇಕು. 7.98 ಭಾಗಿಸು 0.45, ಉತ್ತರ 17.7. ಅದೇ ತೂಕದ ಸೀಸವಾದರೆ 0.70, ಗಿಲೀಟು ಬೆಳ್ಳಿಯಾದರೆ 0.76, ಹಿತ್ತಾಳೆಯಾದರೆ 0.94. ಈ ಅಂಕಿಗಳ ನಡುವಿನ ಅಂತರ ನೋಡಿ. ಆಸಿಡ್ ಇಲ್ಲ, ಗೀರು ಇಲ್ಲ, ನಾಣ್ಯಕ್ಕೆ ಕೂದಲೆಳೆಯಷ್ಟೂ ಹಾನಿ ಇಲ್ಲ. ಇಷ್ಟು ಚೆಂದದ ಪರೀಕ್ಷೆಯನ್ನು ಪ್ರತಿ ಶಾಲೆಯಲ್ಲೂ ಮಾಡಿಸಬೇಕು ಅನ್ನುವುದು ನನ್ನ ಆಸೆ.

ಎರಡು ಎಚ್ಚರಿಕೆ. ಗಾಳಿಗುಳ್ಳೆ ಅಂಟಿಕೊಂಡರೆ ಗಾತ್ರ ಜಾಸ್ತಿ ತೋರಿಸಿ, ಅಸಲಿಯೂ ನಕಲಿಯಂತೆ ಕಾಣುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದರೆ ಗುಳ್ಳೆ ನಿಲ್ಲುವುದಿಲ್ಲ. ಸರಕ್ಕೆ ಪೋಣಿಸಲು ನಾಣ್ಯಕ್ಕೆ ಕೊಂಡಿ ಬೆಸೆದಿದ್ದರೆ ಅದರ ತೂಕ, ಬೆಸುಗೆಯ ಲೋಹ ಎರಡೂ ಲೆಕ್ಕ ಕೆಡಿಸುತ್ತವೆ.

ಚಿಕ್ಕಪೇಟೆ, ನಗರ್ತಪೇಟೆಯ ಕಡೆ ಹೋದರೆ ಅಂಗಡಿಯವರು ಮಷಿನ್‌ನಲ್ಲಿ ಇಟ್ಟು ಕ್ಷಣದಲ್ಲಿ ಕ್ಯಾರೆಟ್ ಹೇಳುತ್ತಾರೆ. ಎಕ್ಸ್-ರೇ ಬಡಿದಾಗ ಪ್ರತಿ ಲೋಹವೂ ತನ್ನದೇ ಶಕ್ತಿಯ ಎಕ್ಸ್-ರೇ ಹೊರಸೂಸುತ್ತದೆ, ಯಂತ್ರ ಅದನ್ನು ಗುರುತಿಸುತ್ತದೆ. ಒಳ್ಳೆಯ ಉಪಕರಣ. ಆದರೆ ಚಿನ್ನದೊಳಗೆ ಅದರ ನೋಟ ಕೆಲವೇ ಮೈಕ್ರಾನ್ ಆಳದವರೆಗೆ. ದಪ್ಪನೆಯ ಲೇಪ ಇದ್ದರೆ, ಕಣಕ ನೋಡಿ ಹೋಳಿಗೆಯ ಹೂರಣ ಯಾವುದೆಂದು ಹೇಳಿದ ಹಾಗಾಗುತ್ತದೆ. ಒರೆಗಲ್ಲಿಗೂ ಇದೇ ಮಿತಿ. ನೆಲದಲ್ಲಿ ಶತಮಾನಗಟ್ಟಲೆ ಹೂತಿದ್ದ ನಾಣ್ಯದಲ್ಲಂತೂ ಮೇಲ್ಮೈಯ ತಾಮ್ರ, ಬೆಳ್ಳಿ ಕರಗಿಹೋಗಿ, ಮೇಲಿನ ಪದರ ಒಳಗಿಗಿಂತ ಶುದ್ಧವಾಗಿರುತ್ತದೆ. ನೀರಿನ ತಕ್ಕಡಿ ಇಡೀ ನಾಣ್ಯವನ್ನು ನೋಡುತ್ತದೆ.

ಆದರೆ ನೀರಿನ ಕಣ್ಣು ತಪ್ಪಿಸಿದವರೂ ಇದ್ದಾರೆ. ಚಿನ್ನದಷ್ಟೇ ಸಾಂದ್ರವಾದ ಟಂಗ್‌ಸ್ಟನ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಅದು ತುಂಬಾ ಗಟ್ಟಿ, ಕರಗಲು 3,400 ಡಿಗ್ರಿಗೂ ಜಾಸ್ತಿ ಬಿಸಿ ಬೇಕು, ಅದರ ಮೇಲೆ ನವಿರಾದ ಚಿತ್ರ ಒತ್ತುವುದು ಸುಲಭವಲ್ಲ. ನಿಜವಾದ ಕಿಲಾಡಿಗಳು 19ನೇ ಶತಮಾನದವರು. ಆಗ ಪ್ಲಾಟಿನಂ ಚಿನ್ನಕ್ಕಿಂತ ಅಗ್ಗ. ಅದಕ್ಕೆ ತಾಮ್ರ ಬೆರೆಸಿ ಸಾಂದ್ರತೆ ಹೊಂದಿಸಿ, ಚಿನ್ನದ ಲೇಪ ಕೊಟ್ಟು ಸ್ಪೇನಿನ ನಾಣ್ಯಗಳನ್ನೂ ಸವರನ್‌ಗಳನ್ನೂ ನಕಲು ಮಾಡಿದರು. ಅಂಥದ್ದರಲ್ಲಿ ಉಬ್ಬಿದ ಜಾಗ ಸವೆದು ಬೂದು ಬಣ್ಣ ಇಣುಕುತ್ತದೆ.

ಇನ್ನೊಂದು ಪ್ರಶ್ನೆಗೆ ನೀರಿನ ಬಳಿ ಉತ್ತರವೇ ಇಲ್ಲ. ಚಿನ್ನ ಅಸಲಿ, ನಾಣ್ಯ ನಕಲಿ ಆಗಿರಬಹುದು. 1950, 60ರ ದಶಕಗಳಲ್ಲಿ ಲೆಬನಾನಿನ ಬೇರೂತಿನಲ್ಲಿ ಒಳ್ಳೆಯ ಚಿನ್ನದಲ್ಲೇ ಸವರನ್ ನಕಲು ಮಾಡುತ್ತಿದ್ದರು. ಚಿನ್ನದ ಬೆಲೆಗಿಂತ ನಾಣ್ಯದ ಬೆಲೆ ಹೆಚ್ಚಿತ್ತಲ್ಲ, ಅದಕ್ಕೆ. ಇಲ್ಲಿ ಭೂತಗನ್ನಡಿಯೇ ಗತಿ. ಎರಕ ಹೊಯ್ದ ನಕಲಿಯಲ್ಲಿ ಸಣ್ಣ ಗುಳಿಗಳು, ಮಂಕಾದ ಅಕ್ಷರ, ಅಂಚಿನಲ್ಲಿ ಕೂಡುಗೆರೆ ಕಾಣಬಹುದು. ಇಸವಿಯನ್ನೂ ನೋಡಿ. ಬ್ರಿಟಿಷರ ಕಾಲದಲ್ಲಿ ಬಾಂಬೆಯ ಟಂಕಸಾಲೆ ಸವರನ್ ಅಚ್ಚು ಹಾಕಿದ್ದು 1918ರಲ್ಲಿ ಮಾತ್ರ. ಅದರ ಗುರುತು ಇಂಗ್ಲಿಷಿನ 'I' ಅಕ್ಷರ. 1910ರ ಸವರನ್ ಮೇಲೆ ಆ ಗುರುತು ಇದ್ದರೆ ಯಾರೋ ಆಟ ಆಡಿದ್ದಾರೆ.

ಪೆಟ್ಟಿಗೆಯಲ್ಲಿ ಸಿಕ್ಕಿದ್ದು ವಿಜಯನಗರದ ವರಾಹವೋ ಮೈಸೂರಿನ ಕಂಠೀರಾಯಿ ಹಣ ಎಂಬ ಪುಟ್ಟ ಚಿನ್ನದ ನಾಣ್ಯವೋ ಆಗಿದ್ದರೆ ದಾರಿ ಬೇರೆ. ವರಾಹ ಸುಮಾರು 3.4 ಗ್ರಾಮ್, ಅದಕ್ಕೆ 0.001 ಗ್ರಾಮ್ ತೋರಿಸುವ ತಕ್ಕಡಿ ಬೇಕು. ಹಣವಂತೂ ಅರ್ಧ ಗ್ರಾಮಿಗೂ ಕಡಿಮೆ. ಅದನ್ನು ಮನೆಯಲ್ಲಿ ನೀರಿಗಿಳಿಸಿ ಫಲವಿಲ್ಲ. ಇವು ಕೈಯಿಂದ ಅಚ್ಚೊತ್ತಿದ ನಾಣ್ಯಗಳು. ಒಂದರಂತೆ ಇನ್ನೊಂದಿಲ್ಲ. ನಾಣ್ಯಶಾಸ್ತ್ರ ಬಲ್ಲವರ ಕಣ್ಣೇ ಬೇಕು. ಅವರ ಬಳಿ ಹೋಗುವ ಮುಂಚೆ ಹುಣಸೆಹಣ್ಣು, ಅಂಟುವಾಳ ಹಾಕಿ ಉಜ್ಜಬೇಡಿ. ಹಳೆಯ ಮೇಲ್ಮೈಯೂ ಅವರಿಗೆ ಸಾಕ್ಷಿ.

ಅಸಲಿ ಅಂತ ಖಚಿತವಾದ ಮೇಲೆ ಅಮೆರಿಕದಲ್ಲಿರುವ ಮಗಳಿಗೆ ಕಳಿಸುವ ಯೋಚನೆ ಇದ್ದರೆ ಇಸವಿಯನ್ನು ಇನ್ನೊಮ್ಮೆ ನೋಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. 1918ರ ಬಾಂಬೆ ಸವರನ್ ಕೂಡ ಈಗ ಆ ಲೆಕ್ಕಕ್ಕೆ ಸೇರಿದೆ.