ಅಪ್ಪನಿಗೆ ಬಸ್ಸಿನಲ್ಲಿ ರಿಯಾಯಿತಿ ಇದೆಯೇ?

ಪ್ರಶ್ನೆ: ಅಮ್ಮ ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಓಡಾಡುತ್ತಾರೆ. ಅಪ್ಪನಿಗೆ 63 ವರ್ಷ. ಆಸ್ಪತ್ರೆಗೆ ಹೋಗಿಬರುವಾಗಲೆಲ್ಲ ಅವರು ಪೂರ್ತಿ ಟಿಕೆಟ್ ತೆಗೆದುಕೊಳ್ಳಲೇಬೇಕೇ?

ಉತ್ತರ: ಬೇಕಿಲ್ಲ. 60 ವರ್ಷ ತುಂಬಿದ ರಾಜ್ಯದ ನಿವಾಸಿಗಳಿಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶೇ 25ರಷ್ಟು ರಿಯಾಯಿತಿ ಇದೆ. ಆಧಾರ್, ಮತದಾರರ ಗುರುತಿನ ಚೀಟಿ ಅಥವಾ ಚಾಲನಾ ಪರವಾನಗಿಯನ್ನು ತೋರಿಸಿದರೆ ಸಾಕು.

ಇದನ್ನು ಎಷ್ಟು ಸಲ ಬರೆದರೂ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಗಂಡಸರ ರಿಯಾಯಿತಿಯನ್ನೆಲ್ಲ ತೆಗೆದುಹಾಕಿದ್ದಾರೆ ಎಂಬ ಮಾತು ಅಷ್ಟು ಆಳವಾಗಿ ಬೇರೂರಿದೆ. ಆ ಮಾತು ಪೂರ್ತಿ ಸುಳ್ಳು. ಶಕ್ತಿ ಯೋಜನೆ ಜಾರಿಗೆ ಬಂದದ್ದು 2023ರ ಜೂನ್ 11ರಂದು. ಅದರಲ್ಲಿ ಮಹಿಳೆಯರಿಗೆ ಶೂನ್ಯ ಟಿಕೆಟ್ ಕೊಟ್ಟು, ಆ ಹಣವನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ತುಂಬಿಕೊಡುತ್ತದೆ. ಹಿರಿಯ ನಾಗರಿಕರ ರಿಯಾಯಿತಿಯಾದರೋ ಅದಕ್ಕಿಂತ ಎಷ್ಟೋ ಹಿಂದಿನದು, ಗಂಡು ಹೆಣ್ಣೆಂಬ ಭೇದವಿಲ್ಲದೆ ವಯಸ್ಸನ್ನಷ್ಟೇ ನೋಡುವಂಥದ್ದು. ಒಂದರ ಲೆಕ್ಕಕ್ಕೂ ಇನ್ನೊಂದರ ಲೆಕ್ಕಕ್ಕೂ ಸಂಬಂಧವೇ ಇಲ್ಲ. ಹಾಗಿದ್ದರೂ ಈ ಮಾತು ಸಾಯದಿರುವುದಕ್ಕೆ ಕಾರಣ ಬಸ್ಸಿನೊಳಗೇ ಇದೆ: ಮೊದಲು ಇಬ್ಬರಿಗೂ ಒಟ್ಟಿಗೆ ರಿಯಾಯಿತಿ ಕೇಳುತ್ತಿದ್ದವರು ಅಮ್ಮ; ಅವರಿಗೆ ಈಗ ಕೇಳುವ ಅಗತ್ಯವಿಲ್ಲ, ಅಪ್ಪನಿಗೆ ಕೇಳಲು ಸಂಕೋಚ. ತುಂಬಿದ ಬಸ್ಸಿನಲ್ಲಿ ನೂಕಿಕೊಂಡು ಬರುವ ನಿರ್ವಾಹಕರು ಪ್ರತಿಯೊಬ್ಬರ ಮುಖ ನೋಡಿ ವಯಸ್ಸು ಅಳೆಯಲಾರರು. ಊರಿನ ಹೆಸರನ್ನಷ್ಟೇ ಹೇಳಿದರೆ ಯಂತ್ರದಿಂದ ಪೂರ್ತಿ ದರದ ಚೀಟಿಯೇ ಬರುತ್ತದೆ. ಆದ್ದರಿಂದ ಟಿಕೆಟ್ ಹರಿಯುವ ಮೊದಲೇ ಆಧಾರ್ ಕಾರ್ಡನ್ನು ಮುಂದೆ ಹಿಡಿದು, “ಸೀನಿಯರ್ ಸಿಟಿಜನ್ ಒಂದು” ಎಂದು ಹೇಳಬೇಕು. 200 ರೂಪಾಯಿ ದರವಿದ್ದರೆ 150 ಕೊಟ್ಟರಾಯಿತು. ಇದು ಯಾರ ದಾಕ್ಷಿಣ್ಯವೂ ಅಲ್ಲ, ನಿಮ್ಮ ತಂದೆಯ ಹಕ್ಕು.

ರೈಲಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ತಪ್ಪು ತಿಳಿವಳಿಕೆ ತಿರುಗುಮುರುಗಾಗಿದೆ. 60 ದಾಟಿದ ಪುರುಷರಿಗೆ ರೈಲ್ವೆ ಕೊಡುತ್ತಿದ್ದ ಶೇ 40ರ ರಿಯಾಯಿತಿ 2020ರ ಮಾರ್ಚ್ 20ರಂದು ನಿಂತಿತು. ಅದು ಈಗಲೂ ಇದೆಯೆಂದು ನಂಬಿ ಕೌಂಟರಿನಲ್ಲಿ ವಾದಿಸುವವರಿದ್ದಾರೆ. ಉಳಿದಿರುವುದು ಕೆಳಗಿನ ಬರ್ತಿನ ಕೋಟಾ. 60 ತುಂಬಿದ ಪುರುಷರು ಮತ್ತು 45 ತುಂಬಿದ ಮಹಿಳೆಯರು ಒಬ್ಬರೇ ಅಥವಾ ಇಂತಹ ಇಬ್ಬರು ಒಂದೇ ಟಿಕೆಟಿನಲ್ಲಿ ಹೋಗುವಾಗ ಮಾತ್ರ ಅದು ಸಿಗುತ್ತದೆ. ಮಗನ ಹೆಸರನ್ನೂ ಅದೇ ಟಿಕೆಟಿಗೆ ಸೇರಿಸಿದರೆ ಕೋಟಾ ತಪ್ಪಿಹೋಗಿ, ಮಂಡಿನೋವಿನ ಅಪ್ಪ ಮೇಲಿನ ಬರ್ತಿಗೆ ಹತ್ತಬೇಕಾದೀತು. ಅಪ್ಪ ಅಮ್ಮನಿಗೆ ಒಂದು ಟಿಕೆಟ್, ನಿಮಗೆ ಬೇರೆ ಟಿಕೆಟ್ ಮಾಡಿಸಿ.